ಪ್ರಯೋಗದಲ್ಲಿ ವ್ಯತ್ಯಾಸವೇ ಬರಲಿಲ್ಲ. ಪೇಪರ್ ಮಾಡಲಾ, ಬಿಡಲಾ?

ಕೇಳಿದವರು: ಪಿಎಚ್‌ಡಿ ಮೂರನೇ ವರ್ಷ. ಜೈವಿಕ ಗೊಬ್ಬರ ಹಾಕಿದ ಶೇಂಗಾಕ್ಕೂ ಹಾಕದ್ದಕ್ಕೂ ಇಳುವರಿಯಲ್ಲಿ ವ್ಯತ್ಯಾಸ ಇಲ್ಲ. ‘ಇದನ್ನು ಯಾರೂ ತಗೊಳ್ಳಲ್ಲ, ಬದಿಗಿಡು’ ಅಂತಾರೆ ಗೈಡ್. ಅನುಭವ ಇದ್ದವರು ಹೇಳಿ.

ಧಾರವಾಡದ ಕಡೆಯವಳು: ಬದಿಗಿಡಬೇಡಿ. ನಾನು ಇಟ್ಟೆ, ಇವತ್ತಿಗೂ ಸಂಕಟ ಆಗುತ್ತದೆ. ನನ್ನದು ಕಡಲೆ ಬೀಜೋಪಚಾರ. ಎರಡು ಹಿಂಗಾರು, 36 ತಾಕು. ಮೊದಲ ವರ್ಷ ಸೊರಗು ರೋಗಕ್ಕೆ ಒಂಬತ್ತು ತಾಕು ಹೋದವು. ಎರಡನೇ ವರ್ಷ ಆಳು ಸಿಗದೆ ನಾನೇ ಕಿತ್ತೆ. ಗಿಡದ ಹುಳಿ ತಾಗಿ ಬೆರಳ ತುದಿ ಸುಲಿದು, ಕಾಯಿ ಎಣಿಸುವಾಗ ಚೀಟಿಯ ಮೇಲೆಲ್ಲ ರಕ್ತದ ಕಲೆ. ಕೈಯಿಂದ 64 ಸಾವಿರ ಖರ್ಚು. ಮೂರು ಜರ್ನಲ್ ವಾಪಸ್ ಕಳಿಸಿದವು. ಒಂದಂತೂ 11 ತಿಂಗಳು ಇಟ್ಟುಕೊಂಡು ‘ಹೊಸದೇನಿಲ್ಲ’ ಅಂತ ಒಂದೇ ಸಾಲು ಬರೆಯಿತು. ಸಾಕಾಗಿ ಬಿಟ್ಟೆ. ನಾಲ್ಕು ವರ್ಷದ ಮೇಲೆ ಒಂದು ಸಮ್ಮೇಳನಕ್ಕೆ ಹೋದರೆ, ಒಬ್ಬ ಹುಡುಗಿ ಪೋಸ್ಟರ್ ಮುಂದೆ ನಿಂತಿದ್ದಳು. ಅದೇ ಉಪಚಾರ, ಅದೇ ಪ್ರಮಾಣ, ಅದೇ ಫಲಿತಾಂಶ. ಅವಳ ಎರಡು ವರ್ಷ ನನ್ನಿಂದ ಹಾಳಾಯಿತು ಅಲ್ವಾ?

ಮೆಟಾ ಅನಾಲಿಸಿಸ್‌ನವನು: ಹಲವರ ಪ್ರಯೋಗದ ಅಂಕಿ ಒಟ್ಟು ಸೇರಿಸಿ ಲೆಕ್ಕ ಹಾಕೋದು ನನ್ನ ಕೆಲಸ. ನಮ್ಮ ಔಷಧಿ ಲೋಕ ಇನ್ನೂ ಕಡೆ. 2008ರಲ್ಲಿ ಟರ್ನರ್ ತಂಡ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಡತ ತೆಗೆದು ಖಿನ್ನತೆ ಮಾತ್ರೆಗಳ 74 ಪ್ರಯೋಗ ನೋಡಿತು. ಮಾತ್ರೆ ಗೆದ್ದ 38ರಲ್ಲಿ 37 ಅಚ್ಚಾಗಿದ್ದವು. ಉಳಿದ 36ರಲ್ಲಿ 22 ಹೊರಗೇ ಬರಲಿಲ್ಲ, 11 ಗೆದ್ದ ಹಾಗೆ ಬರೆಸಿಕೊಂಡು ಬಂದವು. ಇದ್ದದ್ದು ಇದ್ದ ಹಾಗೆ ಬಂದದ್ದು ಮೂರೇ ಮೂರು. ಅಚ್ಚಾದದ್ದನ್ನಷ್ಟೇ ಓದಿದ ಡಾಕ್ಟರಿಗೆ 94% ಗೆಲುವು ಕಾಣುತ್ತದೆ. ನಿಜಕ್ಕೆ 51%. ಅಚ್ಚಾಗದ ಅಂಕಿ ಕೊಡಿ ಅಂತ ನಾನು ಒಂದು ವಿಶ್ಲೇಷಣೆಗೆ ಎಂಟು ತಿಂಗಳು ಪತ್ರ ಬರೆದು ಬರೆದು ಬೇಡಿದ್ದೇನೆ. ‘ಫೈಲು ಸಿಗ್ತಿಲ್ಲ’ ಅನ್ನೋದೇ ಉತ್ತರ.

ಗೈಡ್ ಒಬ್ಬ: ಗೈಡ್‌ಗಳನ್ನು ಸುಮ್ನೆ ಬೈಯಬೇಡಿ. ಮೂರು ರೆಪ್ಲಿಕೇಶನ್, ಅಂದರೆ ಒಂದೇ ಉಪಚಾರ ಮೂರೇ ತಾಕಿಗೆ ಹಾಕಿ ‘ವ್ಯತ್ಯಾಸ ಇಲ್ಲ’ ಅಂದರೆ, ಕಾಣಲಿಲ್ಲ ಅಂತ ಅಷ್ಟೇ ಅರ್ಥ, ಇಲ್ಲವೇ ಇಲ್ಲ ಅಂತಲ್ಲ.

ಧಾರವಾಡದ ಕಡೆಯವಳು: ನನ್ನದು ಆರು. ಅದಿರಲಿ, ಅದೇ ಮೂರರಲ್ಲಿ ಇಳುವರಿ ಜಾಸ್ತಿ ಬಂದಿದ್ದರೆ ‘ಸಾಲದು’ ಅಂತಿದ್ರಾ?

ಗೈಡ್ ಒಬ್ಬ: ಅಂದಿದ್ದೇನೆ. ನನ್ನ ವಿದ್ಯಾರ್ಥಿಯ ಒಳ್ಳೇ ಫಲಿತಾಂಶವನ್ನೇ ತಡೆದು ಇನ್ನೊಂದು ಹಂಗಾಮು ಮಾಡಿಸಿದೆ. ಅವನು ಈಗಲೂ ಮಾತಾಡಲ್ಲ. ಅಷ್ಟಕ್ಕೂ ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನೋದನ್ನು ಯುಜಿಸಿ 2022ರಲ್ಲೇ ತೆಗೆದಿದೆ.

ಮೈಸೂರಿನವನು: ತೆಗೆದದ್ದು ಕಾಗದದ ಮೇಲೆ! ನಮ್ಮಲ್ಲಿ ಈಗಲೂ ಎರಡು ಕೇಳುತ್ತಾರೆ. ನಾನು 22 ಸಾವಿರ ಕೊಟ್ಟು ಹಾಕಿಸಿದೆ. ಎಂಟೇ ದಿನದಲ್ಲಿ ಬಂತು.

ಮೆಟಾ ಅನಾಲಿಸಿಸ್‌ನವನು: ಎಂಟು ದಿನದಲ್ಲಿ ಅದನ್ನು ಓದಿದವರು ಯಾರು? ಅಂಥ ಪೇಪರನ್ನು ನಾನು ಲೆಕ್ಕಕ್ಕೇ ತಗೊಳ್ಳಲ್ಲ.

ಮೈಸೂರಿನವನು: ನನ್ನ ಅಂಕಿಗಳು ಸರಿ ಇವೆ. ಮೂಲ ನೋಟ್‌ಬುಕ್ ಸ್ಕ್ಯಾನ್ ಮಾಡಿ ಕಳಿಸುತ್ತೇನೆ. ನೋಡಿ, ಆಮೇಲೆ ಮಾತಾಡಿ.