ಏರ್ ಫ್ರೈಯರ್‌ನಲ್ಲಿ ಆಲೂಗಡ್ಡೆ ಹೊರಗೆ ಸೀದು ಒಳಗೆ ಹಸಿ, ಎಲ್ಲಿ ತಪ್ಪುತ್ತಿದ್ದೇನೆ?

ಹೊಸಒಲೆ:
ಎಲ್ಲರಿಗೂ ನಮಸ್ಕಾರ. ಮನೆಗೆ ಏರ್ ಫ್ರೈಯರ್ ಬಂದು ನಾಲ್ಕು ದಿನ ಆಯ್ತು. ನಾಲ್ಕು ಲೀಟರಿನದು, ಡ್ರಾಯರ್ ಥರ ಮುಂದಕ್ಕೆ ಎಳೆಯುವಂಥದ್ದು, ಅದರೊಳಗೆ ತೂತಿನ ಬುಟ್ಟಿ. ಹಿಂದೆ 1500 ವ್ಯಾಟ್ ಅಂತ ಬರೆದಿದೆ. ಜೊತೆಗೆ ಬಂದ ಪುಸ್ತಕದಲ್ಲಿ ಬರೀ ಚಿತ್ರಗಳು, ಪ್ರತಿ ಚಿತ್ರದಲ್ಲೂ ಬಂಗಾರದ ಬಣ್ಣದ ಆಲೂಗಡ್ಡೆ. ನನ್ನದು ಮಾತ್ರ ಹಾಗೆ ಬರುತ್ತಿಲ್ಲ.

ಮೊದಲ ದಿನ ಆನ್ ಮಾಡಿದ ಕೂಡಲೇ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು, ಹೆದರಿ ಆಫ್ ಮಾಡಿದೆ. ಎರಡನೇ ದಿನ ಮುಕ್ಕಾಲು ಕಿಲೋ ಆಲೂಗಡ್ಡೆ ಉದ್ದುದ್ದ ಹೆಚ್ಚಿ, ತೊಳೆದು, ಹಾಗೇ ಬುಟ್ಟಿಗೆ ಸುರಿದು 200 ಡಿಗ್ರಿಯಲ್ಲಿ ಇಟ್ಟೆ. ಮೇಲಿನವು ತುದಿ ಕಪ್ಪಾಗಿ ಸೀದುಹೋಗಿದ್ದವು, ಅಡಿಯಲ್ಲಿದ್ದವು ಬೆಂದೂ ಬೇಯದ ಹಾಗೆ ಮೆತ್ತಗೆ. ಮೂರನೇ ದಿನ ಈರುಳ್ಳಿ ಬಿಲ್ಲೆಗಳನ್ನು ನೀರು ಹಿಟ್ಟಿನಲ್ಲಿ ಅದ್ದಿ ಹಾಕಿದೆ. ಹಿಟ್ಟೆಲ್ಲ ತೂತಿನಿಂದ ಸೋರಿ ಕೆಳಗೆ ಅಂಟಿಕೊಂಡಿತು, ಅದನ್ನು ಕೆರೆಯೋಕೇ ಅರ್ಧ ಗಂಟೆ ಬೇಕಾಯ್ತು. ಮನೆಯವರು ಈಗಾಗಲೇ "ಬಾಣಲೆ ಎಲ್ಲಿಟ್ಟಿದ್ದೀಯ" ಅಂತ ಕೇಳೋಕೆ ಶುರು ಮಾಡಿದ್ದಾರೆ.

ಇದನ್ನು ನಿಜವಾಗಲೂ ಬಳಸುವವರು ಯಾರಾದರೂ ಮೊದಲಿನಿಂದ ಹೇಳಿಕೊಡ್ತೀರಾ? ಎಣ್ಣೆ ಎಲ್ಲಿ ಹಾಕಬೇಕು ಅನ್ನೋದೂ ಗೊತ್ತಿಲ್ಲ. ಕೆಳಗಿನ ಡ್ರಾಯರ್‌ಗೆ ಸುರಿಯಬೇಕಾ?

ಉಪ್ಪುಖಾರ:
ಮೊದಲನೆಯದಾಗಿ, ಡ್ರಾಯರ್‌ಗೆ ಎಣ್ಣೆ ಸುರಿಯಬೇಡಿ!! ಅದು ಬಾಣಲೆ ಅಲ್ಲ. ಬಿಸಿ ಎಣ್ಣೆ ಹೊಗೆಯಾಡುತ್ತದೆ, ಬೆಂಕಿ ಹತ್ತಲೂಬಹುದು.

ನಿಮ್ಮ ತೊಂದರೆಗೆಲ್ಲ ಮೂಲ ಅದರ ಹೆಸರು ಅಂತ ನನಗನ್ನಿಸುತ್ತೆ. 2010ರಲ್ಲಿ ಬರ್ಲಿನ್‌ನ ಐಎಫ್ಎ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಫಿಲಿಪ್ಸ್‌ನವರು ಇದನ್ನು ಏರ್ ಫ್ರೈಯರ್ ಅಂತ ಕರೆದು ತಂದರು, ಹೆಸರು ಹಾಗೇ ಉಳಿಯಿತು, ನಾವೆಲ್ಲ ಇದು ಕರಿಯುವ ಯಂತ್ರ ಅಂದುಕೊಂಡೆವು. ಅಸಲಿಗೆ ಇದು ಒಂದು ಚಿಕ್ಕ ಓವನ್. ಮೇಲೆ ಬಿಸಿಯಾಗುವ ತಂತಿಯ ಸುರುಳಿ, ಅಂದರೆ ಕಾಯಿಲ್, ಅದರ ಮೇಲೆ ಜೋರಾಗಿ ಸುತ್ತುವ ಫ್ಯಾನ್, ಅಷ್ಟೇ. ಜಾಗ ಚಿಕ್ಕದು, ಗಾಳಿ ಜೋರು, ಅದಕ್ಕೇ ದೊಡ್ಡ ಓವನ್‌ಗಿಂತ ಬೇಗ ಬೇಯುತ್ತದೆ.

ಎಣ್ಣೆಗೂ ಗಾಳಿಗೂ ಎಷ್ಟು ವ್ಯತ್ಯಾಸ ಅಂದರೆ, 180 ಡಿಗ್ರಿ ಓವನ್ ಒಳಗೆ ಒಂದು ಕ್ಷಣ ಕೈ ಹಾಕಿ ತೆಗೆಯಬಹುದು, ಅದೇ 180 ಡಿಗ್ರಿ ಎಣ್ಣೆಗೆ ಬೆರಳು ಅದ್ದುವ ಯೋಚನೆಯೂ ಬೇಡ. ಎಣ್ಣೆ ಬಿಸಿಯನ್ನು ಅಷ್ಟು ಬೇಗ ದಾಟಿಸುತ್ತದೆ. ಹಾಗಾಗಿ ನೀರು ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಗಟ್ಟಿಯಾಗಿ ಪದರ ಕಟ್ಟುತ್ತದೆ, ಗಾಳಿಯಲ್ಲಿ ಗಟ್ಟಿಯಾಗುವ ಮೊದಲೇ ಸೋರಿಹೋಗುತ್ತದೆ. ನಿಮ್ಮ ಈರುಳ್ಳಿಗೆ ಆಗಿದ್ದು ಅದೇ, ನಿಮ್ಮ ತಪ್ಪೇನಿಲ್ಲ. ಮತ್ತೆ ಮಾಡೋದಾದರೆ ಒಣ ಹಿಟ್ಟಿನಲ್ಲಿ ಹೊರಳಿಸಿ, ಆಮೇಲೆ ಕಡೆದ ಮೊಟ್ಟೆಯಲ್ಲಿ ಅದ್ದಿ, ಕೊನೆಗೆ ಬ್ರೆಡ್ ಪುಡಿಯಲ್ಲಿ ಒತ್ತಿ, ಮೇಲೆ ತುಸು ಎಣ್ಣೆ ಸವರಿ ಇಡಿ. ಸೋರೋದಿಲ್ಲ.

ಇನ್ನು ಆಲೂಗಡ್ಡೆ. ಒದ್ದೆ ಇರುವ ತನಕ ಅದರ ಮೇಲ್ಮೈ 100 ಡಿಗ್ರಿ ದಾಟೋದೇ ಇಲ್ಲ, ಬಿಸಿಯೆಲ್ಲ ನೀರನ್ನು ಆವಿ ಮಾಡೋದಕ್ಕೇ ಖರ್ಚಾಗುತ್ತದೆ. ಬಣ್ಣ ಬರೋದು, ಗರಿಗರಿ ಆಗೋದು ಸುಮಾರು 140 ದಾಟಿದ ಮೇಲೆ. ನೀವು ತೊಳೆದು ಹಾಗೇ ಹಾಕಿದ್ದೀರಿ, ಅದೂ ಮುಕ್ಕಾಲು ಕಿಲೋ! ಒಂದರ ಮೇಲೊಂದು ಬಿದ್ದರೆ ನಡುವೆ ಗಾಳಿ ಹೋಗೋದು ಹೇಗೆ? ಮೇಲಿನವು ಕಾಯಿಲ್ ಹತ್ತಿರ ಸುಟ್ಟವು, ಕೆಳಗಿನವು ಅವುಗಳ ಆವಿಯಲ್ಲೇ ಬೆಂದವು.

ನಾನು ಮಾಡೋದು ಹೀಗೆ. 400 ಗ್ರಾಂ ಆಲೂಗಡ್ಡೆ, ಒಂದು ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಎಲ್ಲ ಒಂದೇ ದಪ್ಪ ಇರಲಿ. ತಣ್ಣೀರಲ್ಲಿ ಅರ್ಧ ಗಂಟೆ ಬಿಟ್ಟರೆ ಮೇಲಿನ ಗಂಜಿ, ಅಂದರೆ ಪಿಷ್ಟ, ಬಿಟ್ಟುಕೊಳ್ಳುತ್ತದೆ, ನೀರು ಬೆಳ್ಳಗಾಗೋದು ಕಣ್ಣಿಗೇ ಕಾಣುತ್ತೆ. ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಇದನ್ನು ಸೋಮಾರಿತನ ಮಾಡಿ ಬಿಡಬೇಡಿ, ನಾನು ಎಷ್ಟೋ ಸಲ ಬಿಟ್ಟು ಪಶ್ಚಾತ್ತಾಪ ಪಟ್ಟಿದ್ದೇನೆ. ಎರಡು ಸಣ್ಣ ಚಮಚ ಎಣ್ಣೆಯನ್ನು ಪಾತ್ರೆಯಲ್ಲೇ ಕಲಸಿ, ಬುಟ್ಟಿಯಲ್ಲಲ್ಲ. 180 ಡಿಗ್ರಿಯಲ್ಲಿ 15 ನಿಮಿಷ, ಐದೈದು ನಿಮಿಷಕ್ಕೊಮ್ಮೆ ಎಳೆದು ಕೊಡವಿ, ಕೊನೆಗೆ 200ಕ್ಕೆ ಏರಿಸಿ ಮೂರು ನಾಲ್ಕು ನಿಮಿಷ. ಉಪ್ಪು ಹೊರಗೆ ತೆಗೆದ ಮೇಲೆ. ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಮತ್ತೆ ಒದ್ದೆ.

ಬುಟ್ಟಿತುಂಬ:
ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಮಾತು ಮಾತ್ರ ಹೇಳ್ತೀನಿ, ನನ್ನ ಹೆಸರು ನೋಡಿ, ನಾನೂ ಮೊದಲು ಹಾಗೇ ತುಂಬುತ್ತಿದ್ದವನು. ನಾಲ್ಕು ಲೀಟರ್ ಅಂದರೆ ನಾಲ್ಕು ಲೀಟರಿನಷ್ಟು ತಿಂಡಿ ಬೇಯುತ್ತೆ ಅಂತ ಅಲ್ಲ. ಬುಟ್ಟಿಯ ತಳ ಎಷ್ಟು ಅಗಲ ಇದೆಯೋ ಅಷ್ಟು ಮಾತ್ರ ನಿಮ್ಮ ಲೆಕ್ಕ. ಇಬ್ಬರಿಗೆ ಒಂದು ಸುತ್ತು ಆಗುತ್ತೆ, ನಾಲ್ಕು ಜನ ಇದ್ದರೆ ಎರಡು ಸುತ್ತು ಮಾಡಿ. ಎರಡನೇ ಸುತ್ತು ಆದಮೇಲೆ ಮೊದಲಿನದನ್ನೂ ಸೇರಿಸಿ ಎರಡು ನಿಮಿಷ ತಿರುಗಿಸಿದರೆ ಎಲ್ಲ ಒಟ್ಟಿಗೆ ಬಿಸಿ ಬಿಸಿ.

ಪ್ಲಾಸ್ಟಿಕ್ ವಾಸನೆ ಹೊಸದರಲ್ಲಿ ಬರೋದು ಮಾಮೂಲು. ಬುಟ್ಟಿ, ಡ್ರಾಯರ್ ಎರಡನ್ನೂ ಸೋಪಿನಲ್ಲಿ ತೊಳೆದು ಒಣಗಿಸಿ, ಒಳಗೆಲ್ಲೂ ಸ್ಟಿಕ್ಕರ್, ರಟ್ಟು ಉಳಿದಿಲ್ಲ ಅಂತ ನೋಡಿ, ಕಿಟಕಿ ತೆರೆದು ಖಾಲಿ ಬುಟ್ಟಿಯಲ್ಲಿ 200 ಡಿಗ್ರಿಗೆ 10 ನಿಮಿಷ ಓಡಿಸಿ. ಬೇಕಿದ್ದರೆ ತಣ್ಣಗಾದ ಮೇಲೆ ಇನ್ನೊಂದು ಸಲ. ಅದಾದ ಮೇಲೂ ದಿನಾ ವಾಸನೆ ಬರುತ್ತಿದ್ದರೆ ಆಗ ಅಂಗಡಿಯವರನ್ನು ಹಿಡಿದುಕೊಳ್ಳಿ.

ಇನ್ನೊಂದು, ಪ್ರೀಹೀಟ್ ಮಾಡಬೇಕು, ಅಂದರೆ ತಿಂಡಿ ಹಾಕುವ ಮೊದಲೇ ಖಾಲಿ ಕಾಯಿಸಬೇಕು ಅಂತ ಎಲ್ಲರೂ ಹೇಳ್ತಾರೆ, ನಾನು ಒಂದು ದಿನವೂ ಮಾಡಿಲ್ಲ. ಸುಮ್ನೆ ಕರೆಂಟ್ ದಂಡ.

ಉಪ್ಪುಖಾರ:
ಆಲೂಗಡ್ಡೆಗೆ ಬೇಡ, ಒಪ್ಪಿದೆ. ಆದರೆ ಮೀನಿನ ತುಂಡಿಗೆ ಮೂರು ನಿಮಿಷ ಕಾಯಿಸಿ ನೋಡಿ, ಬುಟ್ಟಿಗೆ ಅಂಟೋದು ಎಷ್ಟು ಕಡಿಮೆಯಾಗುತ್ತೆ ಅಂತ. ತಣ್ಣನೆ ಬುಟ್ಟಿಯಲ್ಲಿ ಇಟ್ಟರೆ ತೆಗೆಯುವಾಗ ಅರ್ಧ ಮೀನು ಅಲ್ಲೇ ಉಳಿಯುತ್ತದೆ.

ಬುಟ್ಟಿತುಂಬ:
ನಾನು ಮೀನು ತಿನ್ನೋದಿಲ್ಲ, ಹಾಗಾಗಿ ಗೆದ್ದೆ 😄

ಫ್ಯೂಸ್‌ಹೋಯ್ತು:
ಎಲ್ಲರೂ ಅಡುಗೆ ಹೇಳ್ತಿದ್ದೀರಿ, ಪ್ಲಗ್ ಬಗ್ಗೆ ಯಾರೂ ಮಾತಾಡ್ತಿಲ್ಲ. 1500 ವ್ಯಾಟ್ ಅಂದರೆ ಸಣ್ಣದಲ್ಲ. ಗೋಡೆಯ ದೊಡ್ಡ ಸಾಕೆಟ್‌ಗೆ ನೇರ ಹಾಕಿ, ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಬೇಡ. ನಾನು ಅದೇ ಬೋರ್ಡ್‌ನಲ್ಲಿ ನೀರು ಕಾಯಿಸುವ ಕೆಟಲ್ ಜೊತೆ ಹಾಕಿದ್ದೆ, ವೈರ್ ಮುಟ್ಟಿದರೆ ಸುಡುತ್ತಿತ್ತು, ಆಮೇಲೆ ಏನಾಯ್ತು ಅನ್ನೋದು ನನ್ನ ಹೆಸರಲ್ಲೇ ಇದೆ. ಕರೆಂಟ್ ಖರ್ಚಿನ ಭಯ ಇದ್ದರೆ ಲೆಕ್ಕ ಸುಲಭ, 20 ನಿಮಿಷ ಪೂರ್ತಿ ಎಳೆದರೂ ಅರ್ಧ ಯೂನಿಟ್. ಬಿಸಿ ಸಾಕಾದಾಗ ಕಾಯಿಲ್ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತಿರುತ್ತದೆ, ಹಾಗಾಗಿ ಅದಕ್ಕಿಂತ ಸ್ವಲ್ಪ ಕಡಿಮೆಯೇ.

ಹಿಂದೆ ಬಿಸಿ ಗಾಳಿ ಬಿಡುವ ಕಿಂಡಿ ಇದೆ ನೋಡಿ, ಅದು ಗೋಡೆಗೆ ಒತ್ತಿಕೊಂಡಿರಬಾರದು. ಸುತ್ತ ಒಂದು ಗೇಣಿನಷ್ಟಾದರೂ ಜಾಗ ಬಿಡಿ. ಗ್ಯಾಸ್ ಒಲೆಯ ಮೇಲೆ ಇಟ್ಟು ಓಡಿಸುವವರನ್ನೂ ನೋಡಿದ್ದೇನೆ, ದಯವಿಟ್ಟು ಅದು ಬೇಡ, ಯಾರೋ ಮೈಮರೆತು ಒಲೆಯ ಗುಬಟು ತಿರುಗಿಸಿದರೆ ತಳವೆಲ್ಲ ಕರಗಿಹೋಗುತ್ತದೆ.

ಸೀದವಾಸನೆ:
ಬೇಕಿಂಗ್ ಪೇಪರ್ ಬಗ್ಗೆ ಎಚ್ಚರಿಕೆ ಕೊಡೋಕೆ ಬಂದೆ. ಬುಟ್ಟಿ ಗಲೀಜಾಗಬಾರದು ಅಂತ ಕಾಗದ ಹಾಕಿ, ಮೇಲೆ ಏನೂ ಇಡದೆ ಬಿಸಿಯಾಗಲಿ ಅಂತ ಬಿಟ್ಟೆ. ಫ್ಯಾನ್ ಗಾಳಿಗೆ ಕಾಗದ ಎದ್ದು ನೇರ ಕಾಯಿಲ್‌ಗೆ ತಗುಲಿ ಹೊತ್ತಿಕೊಂಡಿತು. ತಕ್ಷಣ ಪ್ಲಗ್ ಕಿತ್ತು, ಡ್ರಾಯರ್ ಮುಚ್ಚಿದ ಹಾಗೇ ಬಿಟ್ಟೆ, ತಾನಾಗಿ ಆರಿತು. ಆಗ ಡ್ರಾಯರ್ ಎಳೆದರೆ ಗಾಳಿ ಸಿಕ್ಕಿ ಜಾಸ್ತಿ ಉರಿಯುತ್ತದೆ, ನೆನಪಿರಲಿ. ಕಾಗದ ಹಾಕಲೇಬೇಕೆಂದರೆ ಮೇಲೆ ಭಾರದ ಪದಾರ್ಥ ಇರಬೇಕು, ಅಂಚು ಮೇಲೇಳಬಾರದು. ಬ್ರೆಡ್ ಚೂರೂ ಹೀಗೇ ಹಾರುತ್ತದೆ, ಸೊಪ್ಪಂತೂ ಕೇಳಲೇಬೇಡಿ.

ಕೊಬ್ಬು ಜಾಸ್ತಿ ಇರುವ ಮಾಂಸ ಹಾಕಿದಾಗ ಬಿಳಿ ಹೊಗೆ ಬಂದರೆ ಗಾಬರಿ ಬೇಡ. ಕೊಬ್ಬು ಕರಗಿ ಕೆಳಗಿನ ಬಿಸಿ ಡ್ರಾಯರ್ ಮೇಲೆ ಬಿದ್ದು ಹೊಗೆಯಾಗುತ್ತದೆ. ಪುಸ್ತಕದಲ್ಲಿ ಬೇಡ ಅಂತ ಇಲ್ಲದಿದ್ದರೆ ಬುಟ್ಟಿಯ ಕೆಳಗೆ ಎರಡು ಮೂರು ಚಮಚ ನೀರು ಹಾಕಿಡಿ, ನಿಲ್ಲುತ್ತದೆ. ಕಪ್ಪು ಹೊಗೆ ಬೇರೆ ವಿಷಯ, ಏನೋ ಸುಡುತ್ತಿದೆ ಅಂತ ಅರ್ಥ, ಆಗ ಪ್ಲಗ್ ಕೀಳೋದೇ.

ಕೋಳಿ ಮಾಡುವಾಗ ಹೊರಗಿನ ಬಣ್ಣ ನೋಡಿ ಮೋಸ ಹೋಗಬೇಡಿ. ಇದರಲ್ಲಿ ಹೊರಗೆ ಬೇಗ ಕೆಂಪಾಗುತ್ತದೆ, ಒಳಗೆ ಇನ್ನೂ ಹಸಿ ಇರಬಹುದು. ಅಡುಗೆ ಥರ್ಮಾಮೀಟರ್ ಇದ್ದರೆ ದಪ್ಪ ಭಾಗಕ್ಕೆ, ಮೂಳೆಗೆ ತಗುಲದ ಹಾಗೆ ಚುಚ್ಚಿ ನೋಡಿ, 74 ಡಿಗ್ರಿ ಬಂದಿರಬೇಕು. ಓವನ್‌ಗೆ ಬರೆದ ಅಡುಗೆ ಇದ್ದರೆ 20 ಡಿಗ್ರಿ ಕಡಿಮೆ ಮಾಡಿ, ಸಮಯವನ್ನೂ ಐದರಲ್ಲೊಂದು ಭಾಗ ಇಳಿಸಿ ಶುರು ಮಾಡಿ, ಮಧ್ಯೆ ಎಳೆದು ನೋಡಿ. ಎಳೆದು ನೋಡಿದರೆ ಏನೂ ಕೆಡೋದಿಲ್ಲ, ಅದೇ ಇದರ ಸುಖ.

ಮತ್ತೆ, ಹೊಸಒಲೆಯವರೇ, ಆ ಆಲೂಗಡ್ಡೆ ಎಲ್ಲಿಟ್ಟಿದ್ದಿರಿ? ಫ್ರಿಜ್‌ನಲ್ಲಾ?

ಹೊಸಒಲೆ:
ಹೌದು, ಫ್ರಿಜ್‌ನಲ್ಲೇ! ಎರಡು ವಾರದಿಂದ ಇತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಸೀದವಾಸನೆ:
ಅಂದುಕೊಂಡೆ. ತಣ್ಣಗೆ ಇಟ್ಟ ಆಲೂಗಡ್ಡೆಯಲ್ಲಿ ಗಂಜಿಯ ಒಂದಷ್ಟು ಭಾಗ ಸಕ್ಕರೆಯಾಗುತ್ತದೆ. ಆ ಸಕ್ಕರೆಯಿಂದ ಬೇಗ ಕಪ್ಪಾಗುತ್ತದೆ, ಒಳಗೆ ಬೇಯುವ ಮೊದಲೇ. ಹೊರಗೆ ಕತ್ತಲೆ ಜಾಗದಲ್ಲಿಟ್ಟ ಆಲೂಗಡ್ಡೆ ತಂದು ಮಾಡಿ ನೋಡಿ. ಬರೀ ಬಣ್ಣದ ಮಾತಲ್ಲ ಇದು. ಪಿಷ್ಟದ ಪದಾರ್ಥವನ್ನು ಜಾಸ್ತಿ ಬಿಸಿಯಲ್ಲಿ ಕಪ್ಪಾಗಿಸಿದರೆ ಅಕ್ರಿಲಮೈಡ್ ಅನ್ನೋ, ಕ್ಯಾನ್ಸರ್ ತರಬಹುದೆಂಬ ಅನುಮಾನ ಇರುವ ವಸ್ತು ಹೆಚ್ಚು ಹುಟ್ಟುತ್ತದೆ. ಅದು ತಿನ್ನುವ ಪದಾರ್ಥದಲ್ಲೂ ಇದೆ ಅಂತ 2002ರಲ್ಲಿ ಸ್ವೀಡನ್ನಿನವರು ಹೇಳಿದಾಗಿನಿಂದ ಒಂದೇ ಸಲಹೆ: ಬಂಗಾರದ ಬಣ್ಣಕ್ಕೆ ನಿಲ್ಲಿಸಿ, ಕಂದು ಮಾಡಬೇಡಿ. ನೀರಲ್ಲಿ ನೆನೆಸೋದರಿಂದ ಅದೂ ಕಡಿಮೆಯಾಗುತ್ತದೆ. ಎಣ್ಣೆ ಕಡಿಮೆ, ಹಾಗಾಗಿ ಎಷ್ಟು ಸುಟ್ಟರೂ ಒಳ್ಳೇದು ಅಂದುಕೊಳ್ಳುವವರು ಜಾಸ್ತಿ ಇದ್ದಾರೆ, ಅದಕ್ಕೇ ಹೇಳಿದೆ.

ಬುಟ್ಟಿತುಂಬ:
ತೊಳೆಯುವ ವಿಷಯ ಬಿಟ್ಟುಹೋಯ್ತು. ಅರ್ಧ ಗಂಟೆ ಕೆರೆದೆ ಅಂದಿದ್ದೀರಿ, ಯಾವುದರಿಂದ? ಸ್ಟೀಲ್ ಉಜ್ಜುವ ತಂತಿಯಿಂದ ಅಂತ ಹೇಳಬೇಡಿ. ನಾನ್‌ಸ್ಟಿಕ್ ಪದರ ಹೋದರೆ ಮುಗೀತು. ಬಿಸಿ ನೀರು, ಸೋಪು ಹಾಕಿ ಇಪ್ಪತ್ತು ನಿಮಿಷ ನೆನೆಯೋಕೆ ಬಿಡಿ, ಮೆತ್ತನೆ ಸ್ಪಂಜಿಗೇ ಬಂದುಬಿಡುತ್ತದೆ. ಡಬ್ಬಿಯಿಂದ ಪುಸ್ ಅಂತ ಹೊಡೆಯುವ ಎಣ್ಣೆ ಸ್ಪ್ರೇ ಕೂಡ ಬೇಡ. ಅದರಲ್ಲಿ ಎಣ್ಣೆ ಜೊತೆ ಬೇರೆಯದೂ ಸೇರಿರುತ್ತದೆ, ಬುಟ್ಟಿ ಮೇಲೆ ಅಂಟು ಅಂಟಾಗಿ ಕೂತು ಎಷ್ಟು ಉಜ್ಜಿದರೂ ಹೋಗೋದಿಲ್ಲ. ಮಾಮೂಲಿ ಎಣ್ಣೆ, ಒಂದು ಬ್ರಷ್, ಸಾಕು. ಮೇಲಿನ ಕಾಯಿಲ್‌ಗೂ ಜಿಡ್ಡು ಹಾರಿರುತ್ತದೆ, ಆವಾಗಾವಾಗ ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಸಒಲೆ:
ಎಲ್ಲರಿಗೂ ಥ್ಯಾಂಕ್ಸ್. ಸ್ಟೀಲ್ ತಂತಿ ಬಗ್ಗೆ ಏನೂ ಹೇಳೋದಿಲ್ಲ, ಒಂದು ಕಡೆ ಸಣ್ಣ ಗೀರು ಬಿದ್ದಿದೆ, ಅಷ್ಟೇ.

ಇವತ್ತು ಸಂಜೆ ಮತ್ತೆ ಮಾಡಿದೆ. ಹೊರಗಿಟ್ಟ ಆಲೂಗಡ್ಡೆ, 400 ಗ್ರಾಂ ತೂಗಿಯೇ ಹಾಕಿದೆ, ನೆನೆಸಿ, ಒರೆಸಿ, ಎರಡು ಚಮಚ ಎಣ್ಣೆ. ಗೋಡೆಯ ಸಾಕೆಟ್‌ಗೆ ಹಾಕಿದ್ದೇನೆ, ಫ್ಯೂಸ್‌ಹೋಯ್ತು ಅವರಿಗೆ ವಿಶೇಷ ವಂದನೆ. 15 ನಿಮಿಷಕ್ಕೆ ಸ್ವಲ್ಪ ಬೆಳ್ಳಗಿತ್ತು, 200ರಲ್ಲಿ ನಾಲ್ಕು ನಿಮಿಷ ಇಟ್ಟ ಮೇಲೆ ಬಣ್ಣ ಬಂತು, ಒಳಗೆ ಮೆತ್ತಗೆ, ಹೊರಗೆ ಗರಿಗರಿ. ಎಣ್ಣೆಯಲ್ಲಿ ಕರಿದ ಹಾಗೆಯೇ ಇತ್ತು ಅಂದರೆ ಸುಳ್ಳಾಗುತ್ತದೆ, ಆದರೆ ತಟ್ಟೆ ಖಾಲಿಯಾಯ್ತು. ನಿನ್ನೆ ಮಿಕ್ಕಿದ ಪಿಜ್ಜಾ ತುಂಡು ಒಂದು 160 ಡಿಗ್ರಿಯಲ್ಲಿ ನಾಲ್ಕು ನಿಮಿಷ ಇಟ್ಟೆ, ಅದಂತೂ ಆಲೂಗಡ್ಡೆಗಿಂತ ಚೆನ್ನಾಗಿ ಬಂತು, ತಳ ಹೊಸದರ ಹಾಗೆ ಗಟ್ಟಿ.

ಒಂದು ಕೊನೆ ಪ್ರಶ್ನೆ. ಫ್ರೀಜರ್‌ನಲ್ಲಿರುವ ಪ್ಯಾಕೆಟ್ ಆಲೂಗಡ್ಡೆ ಹಾಕುವ ಮೊದಲು ಕರಗಿಸಬೇಕಾ?

ಉಪ್ಪುಖಾರ:
ಬೇಡ, ಕರಗಿಸಿದರೆ ಮತ್ತೆ ಒದ್ದೆ. ಹಾಗೇ ಹಾಕಿ. ಅದನ್ನು ಮೊದಲೇ ಒಂದು ಸಲ ಎಣ್ಣೆಯಲ್ಲಿ ಕರಿದಿರುತ್ತಾರೆ, ಮತ್ತೆ ಎಣ್ಣೆಯೂ ಬೇಡ. ಆದರೆ ಬುಟ್ಟಿ ತುಂಬಬೇಡಿ!

ಬುಟ್ಟಿತುಂಬ:
ಯಾರೋ ನನ್ನನ್ನು ಕರೆದ ಹಾಗಾಯ್ತು.