ಪಿಕಲ್‌ಬಾಲ್ ಸರ್ವ್ ಕೈಕೊಡ್ತಾನೇ ಇದೆ, ದಾರಿ ಹೇಳಿ

ಬಟವಾಡಿ_ಬ್ಯಾಕ್‌ಹ್ಯಾಂಡ್: ತಲೆ ಕೆಟ್ಟೋಗಿದೆ ಗುರು. ರ‍್ಯಾಲಿ ಎಲ್ಲಾ ಸರಿ, ಸರ್ವ್ ಮಾತ್ರ ಒಂದೋ ನೆಟ್ಟಿಗೆ, ಇಲ್ಲಾ ಬೇಸ್‌ಲೈನ್ ಆಚೆಗೆ. ಟೆನಿಸ್ ತರ ಎರಡನೇ ಚಾನ್ಸೂ ಇಲ್ಲ. ನಿನ್ನೆ ಪಾರ್ಟ್ನರ್ ಮುಖ ನೋಡೋಕಾಗ್ಲಿಲ್ಲ. ವಿಡಿಯೋ ನೋಡಿ ಅಂತ ಮಾತ್ರ ಹೇಳ್ಬೇಡಿ, ಎಲ್ಲಾ ನೋಡಾಯ್ತು.

ಕೋಲಾರ_ಸ್ಪಿನ್: ಪ್ಯಾಡಲ್ (ಬ್ಯಾಟು) ಯಾವ್ದು? 13 ಎಂಎಂ ದಪ್ಪದ್ದಾದ್ರೆ ಬಾಲ್ ಚಿಮ್ಮತ್ತೆ. 16ಕ್ಕೆ ಬನ್ನಿ.

ಬಟವಾಡಿ_ಬ್ಯಾಕ್‌ಹ್ಯಾಂಡ್: 16ಏ ಇರೋದು.

ಕೋಲಾರ_ಸ್ಪಿನ್: ಹಂಗಾದ್ರೆ ಗ್ರಿಪ್ ದಪ್ಪ ಆಗಿರತ್ತೆ. ಮೇಲಿನ ಸುತ್ತು ಬಿಚ್ಚಿ ನೋಡಿ.

ಶಟಲ್_ಮೇಷ್ಟ್ರು: ಪ್ಯಾಡಲ್ ಪುರಾಣ ಬಿಡಿ ಸ್ವಾಮಿ. ಬ್ಯಾಡ್ಮಿಂಟನ್‌ನಿಂದ ಬಂದೋರು ತಾನೆ? ಕೊನೇಲಿ ಮಣಿಕಟ್ಟು ಫ್ಲಿಕ್ ಮಾಡ್ತಿರ್ತೀರಿ. ಅದನ್ನ ಬಿಗಿ ಮಾಡಿ, ಭುಜದಿಂದ ಕೈ ಬೀಸಿ, ಬಾಲನ್ನ ಮುಂದಿನ ಕಾಲಿನ ಹತ್ರ ಹೊಡೀರಿ. ನೆಟ್ ಮೇಲೆ ಒಂದು ಮೊಳ ಜಾಗ ಬಿಡಿ. ಗುರಿ ಬೇಸ್‌ಲೈನ್‌ಗಿಂತ ಮೂರಡಿ ಒಳಗೆ, ಗೆರೆ ಮೇಲಲ್ಲ.

ತೆಂಗಿನತೋಟ: ಡ್ರಾಪ್ ಸರ್ವ್ ಮಾಡಿ. ನೆಲಕ್ಕೆ ಬಿಟ್ಟು, ಪುಟಿದ್ಮೇಲೆ ಹೊಡೆಯೋದು. ಸೊಂಟದ ಕೆಳಗೇ ತಾಕಿಸ್ಬೇಕು ಅನ್ನೋ ರಗಳೆ ಇಲ್ಲ. ಆದ್ರೆ ಕುಕ್ಕೋಹಾಗಿಲ್ಲ, ಮೇಲಕ್ಕೆ ಎಸೆಯೋಹಾಗಿಲ್ಲ, ಸುಮ್ನೆ ಕೈ ಬಿಡ್ಬೇಕು.

ಕೋಲಾರ_ಸ್ಪಿನ್: ಅದು ಪ್ರಯೋಗಕ್ಕೆ ಅಂತ ತಂದ ರೂಲ್ ಅಲ್ವಾ?

ತೆಂಗಿನತೋಟ: 2021ರಲ್ಲಿ. 2022ರಿಂದ ಖಾಯಂ.

ಕೋಲಾರ_ಸ್ಪಿನ್: ನೆಟ್ ತಾಕಿ ಒಳಗೆ ಬಿದ್ರೆ ಇನ್ನೊಂದು ಸರ್ವ್ ಸಿಗತ್ತಲ್ಲ, ಅದಾದ್ರೂ ಇದ್ಯಾ?

ತೆಂಗಿನತೋಟ: ಅದೂ 2021ರಲ್ಲೇ ಹೋಯ್ತು. ಕಿಚನ್ (ನೆಟ್ ಪಕ್ಕದ ಪಟ್ಟಿ) ದಾಟಿ ಸರ್ವ್ ಬಾಕ್ಸಲ್ಲಿ ಬಿದ್ರೆ ಆಟ ಮುಂದುವರಿಯತ್ತೆ.

ಕೋಲಾರ_ಸ್ಪಿನ್: ನಾವಿಲ್ಲಿ ಕೊಡ್ತೀವಪ್ಪ.

ತೆಂಗಿನತೋಟ: ಕೊಡ್ಕೊಳ್ಳಿ, ಟೂರ್ನಮೆಂಟಲ್ಲಿ ಕೇಳ್ಬೇಡಿ.

ಶಟಲ್_ಮೇಷ್ಟ್ರು: ನಿಮ್ಮ ಜಗಳ ಆಮೇಲೆ. ಬಟವಾಡಿಯವ್ರೇ, ಎಲ್ಲಿ ಆಡ್ತೀರಿ, ಬಾಲ್ ಯಾವ್ದು?

ಬಟವಾಡಿ_ಬ್ಯಾಕ್‌ಹ್ಯಾಂಡ್: ಅಮಾನಿಕೆರೆ ಹತ್ರ, ಬಯಲಲ್ಲಿರೋ ಸಿಮೆಂಟ್ ಕೋರ್ಟು. ಸಂಜೆ ಕೆರೆ ಕಡೆಯಿಂದ ಒಳ್ಳೇ ಗಾಳಿ. ಬಾಲ್ 26 ತೂತಿಂದು. ಬಾಲಿಗೂ ಇದಕ್ಕೂ ಏನು ಸಂಬಂಧ?

ಶಟಲ್_ಮೇಷ್ಟ್ರು: ಇದನ್ನ ಮೊದ್ಲೇ ಹೇಳೋದಲ್ವಾ ಮಾರಾಯ್ರೇ! ಅದು ಒಳಾಂಗಣದ ಬಾಲು. ತೂತು ದೊಡ್ಡದು, ಮೆತ್ತಗೆ, ಗಾಳಿಗೆ ನಿಲ್ಲಲ್ಲ. ಬಯಲಿಗೆ 40 ತೂತಿನ ಗಟ್ಟಿ ಬಾಲ್ ತಗೊಳ್ಳಿ. ನೆಟ್ ಅಳತೆ ಮಾಡಿದೀರಾ? ನಡುವೆ 34 ಇಂಚು, ಪಕ್ಕದಲ್ಲಿ 36.

ಬಟವಾಡಿ_ಬ್ಯಾಕ್‌ಹ್ಯಾಂಡ್: ಬ್ಯಾಡ್ಮಿಂಟನ್ ನೆಟ್ಟನ್ನೇ ಇಳಿಸಿ ಕಟ್ಟಿದೀವಿ. ಎದೆ ಮಟ್ಟ ಬರತ್ತೆ.

ಶಟಲ್_ಮೇಷ್ಟ್ರು: ಎದೆ ಮಟ್ಟ?!

ಕೋಲಾರ_ಸ್ಪಿನ್: ನಾನು ಮನೆ ಟೆರೇಸ್ ಮೇಲೇ ಫುಲ್ ಕೋರ್ಟ್ ಗೆರೆ ಎಳೆಸಿದೀನಿ, ಪೋರ್ಟಬಲ್ ನೆಟ್ಟು, ಹೊಸ ಕಾರ್ಬನ್ ಪ್ಯಾಡಲ್. ಫೋಟೋ ಹಾಕ್ಲಾ?

ತೆಂಗಿನತೋಟ: 44 ಅಡಿ ಉದ್ದದ ಟೆರೇಸಾ? ಬೇಸ್‌ಲೈನ್ ಹಿಂದೆ ನಿಲ್ಲೋಕೆ ಪಕ್ಕದ್ಮನೆ ಟೆರೇಸಿಗೆ ಹೋಗ್ತೀರಾ?

ಕೋಲಾರ_ಸ್ಪಿನ್: ಫೋಟೋ ಹಾಕ್ತೀನಿ, ಅಳೀರಿ.