ಹೆಸರೇ ಕೇಳದ ಹಳೇ ಫ್ಯಾಮಿಲಿ ಡ್ರಾಮಾ ರೀಲಿಗೆ ಯಾಕಿಷ್ಟು ಬೇಡಿಕೆ?

ರೀಲುಪೆಟ್ಟಿಗೆ:
ಹಳೇ ಪ್ರೊಜೆಕ್ಟರ್ ಕೊಂಡಾಗ ಜೊತೆಗೆ 16 ಎಂಎಂ ಅಗಲದ ಫಿಲ್ಮಿನ ಎರಡು ದೊಡ್ಡ ರೀಲು ಸಿಕ್ಕವು. ಕಪ್ಪು-ಬಿಳುಪು ಕೌಟುಂಬಿಕ ಚಿತ್ರ. ಬೆಳಕಿಗೆ ಹಿಡಿದು ನೋಡಿದೆ: ಊಟದ ಮೇಜು, ಸುತ್ತ ಆರು ಜನ, ಒಬ್ಬರೂ ತಟ್ಟೆಗೆ ಕೈ ಹಾಕಿಲ್ಲ. ಹುಡುಕಿದರೆ ನಟರ ಪಟ್ಟಿ ಬಿಟ್ಟು ಏನೂ ಸಿಗಲಿಲ್ಲ. ಆದ್ರೆ ಸಂಗ್ರಹಕಾರರ ಗುಂಪಲ್ಲಿ ಹೆಸರು ಹಾಕಿದ್ದೇ ತಡ, ಮೂರು ಜನ "ಕೊಡ್ತೀರಾ?" ಅಂತ ಕೇಳಿದರು. ದೊಡ್ಡ ನಟರೂ ಇಲ್ಲ, ಯಾಕಿಷ್ಟು ಆಸೆ? ಮತ್ತೆ, ಓಡಿಸಿ ನೋಡಬಹುದಾ?

ಹಳೇಹುಚ್ಚು:
ಓಡಿಸಬೇಡಿ, ಮೊದಲು ಮೂಸಿ ನೋಡಿ! ತಮಾಷೆ ಅಲ್ಲ. 16 ಎಂಎಂ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫಿಲ್ಮ್ ಕೊಳೆಯಲು ಶುರುವಾದರೆ ವಿನೆಗರ್ ವಾಸನೆ ಬರುತ್ತದೆ. ಆಮೇಲೆ ಅದು ಕುಗ್ಗುತ್ತದೆ, ಅಂಚು ಅಲೆ ಅಲೆಯಾಗುತ್ತದೆ. ಕುಗ್ಗಿದ ಫಿಲ್ಮನ್ನು ಪ್ರೊಜೆಕ್ಟರಿಗೆ ಹಾಕಿದರೆ ಅದರ ಹಲ್ಲುಗಳು ಫಿಲ್ಮಿನ ಅಂಚಿನ ತೂತಿಗೆ ಸರಿಯಾಗಿ ಕೂರದೆ ಫಿಲ್ಮನ್ನು ಪರ್ರನೆ ಹರಿಯುತ್ತವೆ. ನಾನೇ ಹೀಗೆ ಒಂದು ಹಾಳು ಮಾಡಿದ್ದೇನೆ, ಇನ್ನೂ ಹೊಟ್ಟೆ ಉರಿಯುತ್ತದೆ.

ಕತ್ತರಿ‌ಅಂಟು:
ಬೇಡಿಕೆ ಯಾಕೆ ಅಂದ್ರೆ, ಭೂತದ ಚಿತ್ರ, ಪತ್ತೇದಾರಿ ಚಿತ್ರಕ್ಕೆ ಅಭಿಮಾನಿಗಳು ಜಾಸ್ತಿ, ಯಾರಾದರೂ ಮತ್ತೆ ಬಿಡುಗಡೆ ಮಾಡುತ್ತಾರೆ. ಅತ್ತೆ-ಸೊಸೆ, ಅಣ್ಣ-ತಮ್ಮ ಚಿತ್ರಗಳನ್ನು ಕೇಳೋರೇ ಇಲ್ಲ. ಹಾಗಾಗಿ ನಿಮ್ಮ ಕೈಯಲ್ಲಿರೋದು ಉಳಿದ ಕೆಲವೇ ಪ್ರತಿಗಳಲ್ಲಿ ಒಂದಾಗಿರಬಹುದು. ಇನ್ನೊಂದು ವಿಷಯ. ಟಿವಿಗೆ ಅಂತ 16 ಎಂಎಂ ಪ್ರಿಂಟ್ ಕಳಿಸುತ್ತಿದ್ದ ಕಾಲದಲ್ಲಿ ಜಾಹೀರಾತಿಗೆ ಜಾಗ ಮಾಡಲು ಎಷ್ಟೋ ಚಿತ್ರಗಳನ್ನು ಕತ್ತರಿಸುತ್ತಿದ್ದರು. ಕತ್ತರಿ ಬೀಳೋದು ಯಾವುದಕ್ಕೆ? ಇಂಥ ಊಟದ ಮೇಜಿನ ಮೌನಕ್ಕೇ. ಕಥೆ ಮುಂದೆ ಹೋಗಲ್ಲ ಅಲ್ವಾ! ನನಗೆ ಮಾತ್ರ ಚಿತ್ರದ ಜೀವ ಇರೋದೇ ಅಲ್ಲಿ. 1600 ಅಡಿ ರೀಲು ಸುಮಾರು 44 ನಿಮಿಷ ಓಡುತ್ತದೆ. ನಿಮ್ಮವು ಆ ಅಳತೆಯವಾಗಿ ತುಂಬಿದ್ದರೆ ಒಟ್ಟು 88 ನಿಮಿಷ, ಅಂದ್ರೆ ಇಡೀ ಚಿತ್ರ ಇರುವ ಸಾಧ್ಯತೆ ಇದೆ. ಕತ್ತರಿಸಿದ ಕಡೆ ಮತ್ತೆ ಅಂಟಿಸಿದ ಗುರುತು ಇರುತ್ತದೆ, ಅದು ಎಷ್ಟಿದೆ ಎಣಿಸಿ.

ರೀಲುಪೆಟ್ಟಿಗೆ:
ಕೈಯಲ್ಲೇ ನಿಧಾನ ಸುತ್ತಿ ನೋಡಿದೆ. ಮೊದಲನೇ ರೀಲಲ್ಲಿ ಎರಡೇ ಅಂಟು, ವಾಸನೆ ಇಲ್ಲ. ಎರಡನೆಯದರ ಡಬ್ಬಿ ತೆಗೆದ ಕೂಡಲೇ ಉಪ್ಪಿನಕಾಯಿ ಭರಣಿ ತೆಗೆದ ಹಾಗಾಯಿತು.

ಹಳೇಹುಚ್ಚು:
ಇವತ್ತೇ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಿ. ಆ ಹುಳಿ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ. ತಂಪಾದ, ಒಣ ಜಾಗ ಇರಲಿ. ಡಬ್ಬಿಯನ್ನು ಗಾಳಿಯಾಡದ ಹಾಗೆ ಬಿಗಿಯಬೇಡಿ. ಕೊಡೋದು ಬಿಡೋದು ಆಮೇಲೆ, ಎರಡನೆಯದನ್ನು ಮೊದಲು ಸ್ಕ್ಯಾನ್ ಮಾಡಿಸಿ.